ಪರದೆಯ ಮೇಲಿನ ವಧೂಪರೀಕ್ಷೆ

ಹೆಣ್ಣು ನೋಡುವ ಶಾಸ್ತ್ರವು ತೊಲಗಿತೆಂದು ಬೀಗುವವರು, ಅಮೆರಿಕೆಯ ಆಸ್ಪತ್ರೆಗಳಲ್ಲಿ ತರಬೇತಿಗೆ ಅರ್ಜಿ ಹಾಕಿದ ವೈದ್ಯರಿರುವ ಬಳ್ಳಾರಿಯ ಮನೆಯೊಂದನ್ನು ಡಿಸೆಂಬರಿನ ರಾತ್ರಿ ಹೊಕ್ಕು ನೋಡಬೇಕು. ಗೋಡೆ ಬರಿದಾಗಿ ಕಾಣಲೆಂದು ಕ್ಯಾಲೆಂಡರನ್ನು ಇಳಿಸಿರುತ್ತಾರೆ. ಕುಕ್ಕರಿಗೆ ಕೂಗುವ ಅಪ್ಪಣೆಯಿಲ್ಲ. ಅಭ್ಯರ್ಥಿಗೆ ಮೇಲೆ ಕೋಟು, ಕೆಳಗೆ ಲುಂಗಿ! ನ್ಯೂಯಾರ್ಕಿನ ಬೆಳಗಿನ ೯ ಗಂಟೆಯೆಂದರೆ ಆಗ ನಮಗೆ ರಾತ್ರಿ ೭-೩೦, ಕ್ಯಾಲಿಫೋರ್ನಿಯದ್ದಾದರೆ ೧೦-೩೦.

ನಮ್ಮ ವೈದ್ಯರಿಗೆ ಇದು ಹೊಸ ಪರೀಕ್ಷೆ. ೧೯೬೧ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ ಇಂದು ಸೇರುವವರನ್ನೂ, ಮುಂದೆ ಎಂ.ಡಿ.ಗೆ ಹೋಗುವವರನ್ನೂ ತೂಗುವುದು 'ನೀಟ್' ಅಂಕ. "ನೀನು ವೈದ್ಯನಾಗುವುದೇಕೆ?" ಎಂದು ಎದುರು ಕೂರಿಸಿ ಕೇಳುವವರಿಲ್ಲ. ಆ ಪ್ರಶ್ನೆ ಮೊದಲು ಕಿವಿಗೆ ಬೀಳುವುದು ಸಮುದ್ರದಾಚೆಯಿಂದ, ಅದೂ ಇಂಗ್ಲಿಷಿನಲ್ಲಿ.

ಕೋವಿಡ್ಡಿನ ದೆಸೆಯಿಂದ ೨೦೨೦ರಲ್ಲಿ ಈ ಸಂದರ್ಶನಗಳು ಪರದೆಯನ್ನೇರಿದವು. ಬಹುಪಾಲು ಅಲ್ಲಿಯೇ ಉಳಿದವು. ಅದಕ್ಕೆ ಮುಂಚೆ ವೀಸಾ, ವಿಮಾನ, ಊರೂರಿನ ಹೋಟೆಲು ಎಂದು ಲೆಕ್ಕ ಬೆಳೆಯುತ್ತಿತ್ತು. ಸಿರುಗುಪ್ಪದ ಭತ್ತದ ರೈತನಾಗಲಿ ಕುರುಗೋಡಿನ ಮೇಷ್ಟರಾಗಲಿ ಆ ಮೊತ್ತವನ್ನು ಕೇಳಿಯೇ ಕೈಮುಗಿಯಬೇಕಿತ್ತು. ಪರೀಕ್ಷೆಗಳ ಶುಲ್ಕ ಈಗಲೂ ಹಗುರವಲ್ಲ. ಆದರೂ ಪ್ರಯಾಣದ ಹೊರೆ ತಪ್ಪಿತು. ಇದು ಸಣ್ಣ ಉಪಕಾರವಲ್ಲ.

ಆದರೆ ನೋಟವು ಒಮ್ಮುಖವಾಯಿತು. ಆಸ್ಪತ್ರೆಯವರು ನಮ್ಮ ಹುಡುಗಿಯನ್ನೂ ಅವಳ ಹಿಂದಿನ ಗೋಡೆಯನ್ನೂ ಕಂಡರು. ಮೂರು ವರ್ಷ ಹಗಲಿರುಳು ದುಡಿಯಬೇಕಾದ ವಾರ್ಡನ್ನು ಅವಳು ಕಾಣಲಿಲ್ಲ. ಆಮೇಲೆ ಇಬ್ಬರೂ ತಮ್ಮ ತಮ್ಮ ಆಯ್ಕೆಯ ಪಟ್ಟಿಯನ್ನು ಬರೆಯುತ್ತಾರೆ. ಗಣಕಯಂತ್ರವು ಜೋಡಿ ಕೂಡಿಸಿ ಮಾರ್ಚಿಯಲ್ಲಿ ಫಲ ಹೇಳುತ್ತದೆ. ಅದಕ್ಕೆ ಇಬ್ಬರೂ ಬದ್ಧರು. ಇಂಥ ಜೋಡಣೆಯ ಗಣಿತವನ್ನು ೧೯೬೨ರಲ್ಲಿ ವಿವರಿಸಿದ ಗೇಲ್ ಮತ್ತು ಶಾಪ್ಲಿ ಎಂಬ ವಿದ್ವಾಂಸರು ಉದಾಹರಣೆಗೆ ಆರಿಸಿಕೊಂಡದ್ದು ವಿವಾಹವನ್ನೇ! ಎಲ್ಲಿ ಸಿಕ್ಕೀತೆಂದು ಊಹಿಸದೆ, ಮನಸ್ಸಿಗೆ ಒಪ್ಪಿದ ಕ್ರಮದಲ್ಲಿ ಬರೆದರೆ ಅಭ್ಯರ್ಥಿಗೆ ನಷ್ಟವಿಲ್ಲವೆಂಬುದು ಆ ಗಣಿತದ ಅಭಯ. ಕಾಣದುದನ್ನು ಮನಸ್ಸು ಒಪ್ಪುವುದು ಹೇಗೆ?

ನಮ್ಮ ಹಿರಿಯರು ಸಂಬಂಧ ಕುದುರಿಸುವ ಮುನ್ನ ನೆರೆಮನೆಯವರನ್ನು ವಿಚಾರಿಸುತ್ತಿದ್ದರು. ಇಲ್ಲಿಯೂ ಆ ಅವಕಾಶವುಂಟು. ಅಲ್ಲಿ ಈಗಾಗಲೇ ತರಬೇತಿಯಲ್ಲಿರುವ ಕಿರಿಯ ವೈದ್ಯರೊಡನೆ, ಹಿರಿಯರಿಲ್ಲದೆ ಮಾತನಾಡುವ ಒಂದು ಹೊತ್ತನ್ನು ಅನೇಕ ಆಸ್ಪತ್ರೆಗಳು ಕೊಡುತ್ತವೆ. ನಮ್ಮ ಮಕ್ಕಳು ಅದನ್ನು ಉಪಚಾರದ ನಗೆಯಲ್ಲಿ ಕಳೆದುಬಿಡುತ್ತಾರೆ. ರಾತ್ರಿ ಪಾಳಿ ಎಷ್ಟು? ನಡುವೆ ಬಿಟ್ಟುಹೋದವರಿದ್ದಾರೆಯೆ? ಹೊರದೇಶದಿಂದ ಬಂದವರು ಎಷ್ಟು ಮಂದಿ? ಇವನ್ನು ಆಗಲೇ ಕೇಳಬೇಕು. ಸಂಬಳವನ್ನು ಕೇಳುವ ಮುಜುಗರ ಬೇಡ. ಕರಾರುಪತ್ರದಲ್ಲಿ ಅದನ್ನು ಅವರೇ ಕಾಣಿಸಿರುತ್ತಾರೆ.