ತಲೆಗೆ ಸುರಿದ ನೀರು, ಮುಳುಗಿಸಿದ ನೀರು: ಯಾವ ದೀಕ್ಷಾಸ್ನಾನ ಯಾವ ಚರ್ಚಿಗೆ ಸಲ್ಲುತ್ತದೆ?

2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್, ಪುದುಚೇರಿಯ ಮಹಿಳೆಯೊಬ್ಬರಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೊಡಲಾಗದು ಎಂದು ತೀರ್ಪು ನೀಡಿತು. ತಾನು ಹಿಂದೂ ಎಂಬುದು ಆಕೆಯ ವಾದವಾಗಿತ್ತು. ಆದರೆ ಕೂಸಾಗಿದ್ದಾಗ ಆಗಿದ್ದ ದೀಕ್ಷಾಸ್ನಾನ ಆಕೆಯ ವಿರುದ್ಧದ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಯಿತು. ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಸರ್ಕಾರಕ್ಕೆ ಬೇಕಿರುವುದು ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ ಎಂಬ ಒಂದೇ ಉತ್ತರ. ಚರ್ಚುಗಳ ಒಳಗೆ ಮಾತ್ರ ಆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಯಾವ ವಯಸ್ಸಿನಲ್ಲಿ, ಎಷ್ಟು ನೀರಿನಲ್ಲಿ, ಯಾವ ಮಾತು ಹೇಳಿ ಕೊಟ್ಟದ್ದು ಅಂತ ಕೇಳುತ್ತಾರೆ.

ಈ ಪ್ರಶ್ನೆ ಬಾಗಲಕೋಟೆ ಜಿಲ್ಲೆಯಂಥ ಕಡೆ ಹೆಚ್ಚು ಬಿಗಿಯಾಗಿ ಕಾಡುತ್ತದೆ. ಇಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇಕಡಾ 1ಕ್ಕೂ ಕಡಿಮೆ. ಆದರೂ ಒಂದೇ ಬಗೆಯವರಲ್ಲ. ಆಗ ಬಾದಾಮಿ ತಾಲೂಕಿನಲ್ಲಿದ್ದ ನೇಕಾರರ ಊರು ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಆ ಪರಂಪರೆಯ ಸಭೆಗಳು ಇವತ್ತು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐನ ಉತ್ತರ ಕರ್ನಾಟಕ ಸಭಾಪ್ರಾಂತ್ಯದಲ್ಲಿವೆ. ಕ್ಯಾಥೊಲಿಕರು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಇವುಗಳ ಜೊತೆಗೆ ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಪ್ರಾರ್ಥನಾ ಸಭೆಗಳೂ ಇವೆ. ಜನ ಕಡಿಮೆ ಇರುವ ಕಡೆ ಮದುವೆ ಸಂಬಂಧ ಸಭೆಯ ಗಡಿ ದಾಟಲೇಬೇಕಾಗುತ್ತದೆ. ದಾಟಿದ ಕೂಡಲೇ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳುತ್ತಾರೆ.

ಕ್ಯಾಥೊಲಿಕರ ನಿಯಮ ಅನೇಕರು ತಿಳಿದಿರುವುದಕ್ಕಿಂತ ಉದಾರವಾಗಿದೆ. ನಿಜವಾದ ನೀರು ಇರಬೇಕು, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರೂ ಬರಬೇಕು, ಚರ್ಚು ಮಾಡುವುದನ್ನೇ ಮಾಡುವ ಉದ್ದೇಶ ಕೊಡುವವರಿಗೆ ಇರಬೇಕು. ಮುಳುಗಿಸಿದರೂ ಸರಿ, ತಲೆಯ ಮೇಲೆ ಸುರಿದರೂ ಸರಿ. ತುರ್ತು ಸಂದರ್ಭದಲ್ಲಿ ಪಾದ್ರಿಯೇ ಬೇಕೆಂದಿಲ್ಲ, ಆಸ್ಪತ್ರೆಯ ನರ್ಸ್ ಕೂಡ ಕೊಡಬಹುದು. ಹಾಗಾಗಿ ಸಿಎಸ್‌ಐ, ಮೆಥಡಿಸ್ಟ್, ಲುಥೆರನ್ ಸಭೆಗಳ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಚರ್ಚು ಒಪ್ಪುತ್ತದೆ. ಮೂರೂ ಹೆಸರಿನಲ್ಲಿ ಮುಳುಗಿಸುವ ಪೆಂಟೆಕೋಸ್ಟಲ್ ದೀಕ್ಷಾಸ್ನಾನವನ್ನೂ ಒಪ್ಪುತ್ತದೆ. ಗಂಭೀರ ಅನುಮಾನವಿಲ್ಲದೆ ಎರಡನೇ ಸಲ ಕೊಡಕೂಡದು ಎಂಬುದು ಅದರ ಕಾನೂನಿನಲ್ಲೇ ಇದೆ.

ಒಪ್ಪದೇ ಇರುವುದೂ ಉಂಟು. ಯೇಸುವಿನ ಹೆಸರೊಂದರಲ್ಲೇ ಕೊಡುವ ಕೆಲವು ಪೆಂಟೆಕೋಸ್ಟಲ್ ಪಂಗಡಗಳದ್ದು, ಯೆಹೋವನ ಸಾಕ್ಷಿಗಳದ್ದು ಸಲ್ಲುವುದಿಲ್ಲ. ಮಾರ್ಮನ್ನರ ದೀಕ್ಷಾಸ್ನಾನ ಸಲ್ಲದು ಎಂದು ವ್ಯಾಟಿಕನ್ 2001ರಲ್ಲಿ ತೀರ್ಮಾನಿಸಿತು. ಮಾತಿನ ವಿಷಯದಲ್ಲಿ ಅದು ತನ್ನವರನ್ನೂ ಬಿಟ್ಟಿಲ್ಲ. ‘ನಾನು’ ಅನ್ನುವ ಬದಲು ‘ನಾವು’ ದೀಕ್ಷಾಸ್ನಾನ ಕೊಡುತ್ತೇವೆ ಅಂದರೆ ಅದು ಅಸಿಂಧು ಎಂದು 2020ರ ಆಗಸ್ಟಿನಲ್ಲಿ ಹೇಳಿತು. ಅಮೆರಿಕದ ಫೀನಿಕ್ಸ್‌ನಲ್ಲಿ ಪಾದ್ರಿಯೊಬ್ಬರು ವರ್ಷಗಟ್ಟಲೆ ‘ನಾವು’ ಎಂದಿದ್ದರಿಂದ ಸಾವಿರಾರು ಜನರ ದೀಕ್ಷಾಸ್ನಾನವೇ ಅಸಿಂಧುವಾಯಿತು.

ಇನ್ನೊಂದು ದಡದಲ್ಲಿ ಬ್ಯಾಪ್ಟಿಸ್ಟರು, ಬ್ರೆದರನ್ನರು, ಬಹುತೇಕ ಪೆಂಟೆಕೋಸ್ಟಲರು ಇದ್ದಾರೆ. ಇವರ ತಕರಾರು ನೀರಿನ ಅಳತೆಯದ್ದು ಮಾತ್ರ ಅಲ್ಲ. ಮೊದಲು ನಂಬಿಕೆ, ಆಮೇಲೆ ನೀರು ಎಂಬುದು ಇವರ ತತ್ವ. ಕೂಸಿಗೆ ನಂಬಿಕೆ ಹೇಗೆ ಬಂದೀತು? ಆದ್ದರಿಂದ ಕೂಸಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ. ಅವರ ಲೆಕ್ಕದಲ್ಲಿ ತಾವು ಕೊಡುವುದು ಎರಡನೆಯದಲ್ಲ, ಅದೇ ಮೊದಲನೆಯದು.

ಕೂಡಲಸಂಗಮ ಇರುವ ಹುನಗುಂದ ಸೀಮೆಯ ಓದುಗರಿಗೆ ಈ ಜಗಳ ಹೊಸದೆನಿಸಲಿಕ್ಕಿಲ್ಲ. ಲಿಂಗಾಯತ ಮನೆಗಳಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ, ತಿಳಿವಳಿಕೆ ಬಂದ ಮೇಲೆ ದೀಕ್ಷೆ ಕೊಡಿಸುತ್ತಾರೆ. ಸಿಎಸ್‌ಐನಲ್ಲೂ ಕೂಸಿಗೆ ದೀಕ್ಷಾಸ್ನಾನ, ದೊಡ್ಡವರಾದ ಮೇಲೆ ದೃಢೀಕರಣ. ಮನೆತನ ಕೊಟ್ಟದ್ದನ್ನು ವ್ಯಕ್ತಿ ಆಮೇಲೆ ತನ್ನದಾಗಿ ಮಾಡಿಕೊಳ್ಳುವ ಏರ್ಪಾಡಿದು. ಪೆಂಟೆಕೋಸ್ಟಲರು ಮೊದಲ ಮೆಟ್ಟಿಲನ್ನೇ ಒಪ್ಪುವುದಿಲ್ಲ.

ಹಾಗಾಗಿ ಒಪ್ಪಿಗೆ ಒಮ್ಮುಖವಾಗಿದೆ. ಅವರದನ್ನು ಇವರು ಒಪ್ಪುತ್ತಾರೆ, ಇವರದನ್ನು ಅವರು ಒಪ್ಪುವುದಿಲ್ಲ. ಸಿಎಸ್‌ಐ ಯುವಕನೊಬ್ಬ ಪ್ರಾರ್ಥನಾ ಸಭೆಗೆ ಹೋಗಿ ಮುಳುಗಿ ಎದ್ದು ಬಂದರೆ, ಅವನಿಗದು ನಂಬಿಕೆಯ ಹೆಜ್ಜೆ. ಅವನ ತಾಯಿಗೆ ಮಾತ್ರ ತಾನು ಮಗುವಿಗೆ ಕೊಡಿಸಿದ್ದು ಸುಳ್ಳು ಅಂದಂತೆ. ದೀಕ್ಷಾಸ್ನಾನ ಒಂದೇ ಸಲ ಎಂದು ಬೋಧಿಸುವ ಸಭೆಯಲ್ಲಿ ಅವನ ಸ್ಥಾನದ ಪ್ರಶ್ನೆಯೂ ಏಳುತ್ತದೆ.

ಮದುವೆಯಲ್ಲಿ ಇದರ ಬೆಲೆ ಇನ್ನೂ ಸ್ಪಷ್ಟ. ಕ್ಯಾಥೊಲಿಕ್ ಹುಡುಗ, ಸಿಎಸ್‌ಐ ಹುಡುಗಿ ಎಂದರೆ ಅದು ಮಿಶ್ರ ವಿವಾಹ, ಅನುಮತಿ ಸಾಕು. ಹುಡುಗಿಯ ದೀಕ್ಷಾಸ್ನಾನವೇ ಸಿಂಧುವಲ್ಲ ಅಂತಾದರೆ ವಿಶೇಷ ವಿನಾಯಿತಿ ಬೇಕು. ಅದಿಲ್ಲದ ಮದುವೆ ಚರ್ಚಿನ ಕಾನೂನಿನಲ್ಲಿ ಮದುವೆಯೇ ಅಲ್ಲ. ದೀಕ್ಷಾಸ್ನಾನದ ಹೊತ್ತಿಗೆ ಯಾವ ಮಾತು ಹೇಳಿದರು ಎಂಬ ದಾಖಲೆಯನ್ನು ಎಷ್ಟು ಸ್ವತಂತ್ರ ಸಭೆಗಳು ಇಟ್ಟಿವೆ?

ಈಗ ಸರ್ಕಾರದ ಕಡೆ ನೋಡಿ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಪರಿಶಿಷ್ಟ ಜಾತಿಯ ಸೌಲಭ್ಯ 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಅಂದರೆ ನೋಂದಣಿ ಪುಸ್ತಕದ ಒಂದು ಸಾಲು ನೌಕರಿಯ ಹಾದಿಯನ್ನೇ ಬದಲಿಸಬಲ್ಲದು. ಇನ್ನು 2022ರ ಮತಾಂತರ ಕಾಯ್ದೆ, ಮತಾಂತರವೆಂದರೆ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರುವುದು ಎಂದಿತು. ಅದನ್ನು ಹಿಂಪಡೆಯಲು ರಾಜ್ಯ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು. ಆದರೆ ಅನುಮಾನದ ಕಣ್ಣು ಸಂಪುಟದ ತೀರ್ಮಾನಕ್ಕೆ ಕಾಯುವುದಿಲ್ಲ. ಹುಟ್ಟಾ ಕ್ರೈಸ್ತನೊಬ್ಬ ಎರಡನೇ ಸಲ ಮುಳುಗಿದರೆ ಅದು ಮತಾಂತರ ಅಲ್ಲ. ಆದರೆ ಹೊಳೆಯ ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುವವನಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಒಪ್ಪಂದಕ್ಕೆ ಮಾದರಿಗಳಿವೆ. 2007ರ ಏಪ್ರಿಲ್ 29ರಂದು ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ 11 ಚರ್ಚುಗಳು ಪರಸ್ಪರರ ದೀಕ್ಷಾಸ್ನಾನವನ್ನು ಒಪ್ಪುವ ಪತ್ರಕ್ಕೆ ಸಹಿ ಹಾಕಿದವು. ಬ್ಯಾಪ್ಟಿಸ್ಟರು ಹಾಕಲಿಲ್ಲ, ಅದೂ ನಿಜ. ನಮ್ಮಲ್ಲೇ 1970ರಲ್ಲಿ ನಾಗಪುರದಲ್ಲಿ ಹುಟ್ಟಿದ ಚರ್ಚ್ ಆಫ್ ನಾರ್ತ್ ಇಂಡಿಯಾ, ಬ್ಯಾಪ್ಟಿಸ್ಟರನ್ನೂ ಒಳಗೆ ತಂದು, ಕೂಸಿನ ದೀಕ್ಷಾಸ್ನಾನ ಮತ್ತು ನಂಬಿದವರ ದೀಕ್ಷಾಸ್ನಾನ ಎರಡಕ್ಕೂ ಜಾಗ ಕೊಟ್ಟಿತು.

ಬಾಗಲಕೋಟೆ, ಇಳಕಲ್‌ನಂಥ ಊರುಗಳಿಗೆ ದೇವಶಾಸ್ತ್ರದ ಸಂಪೂರ್ಣ ಒಮ್ಮತ ಬೇಕಾಗಿಲ್ಲ. ನೀರು ಸುರಿದದ್ದೋ ಮುಳುಗಿಸಿದ್ದೋ, ಯಾರ ಹೆಸರಿನಲ್ಲಿ, ಯಾವತ್ತು, ಯಾರು ಕೊಟ್ಟರು, ಮೊದಲೇ ಆಗಿತ್ತೋ ಇಲ್ಲವೋ ಎಂಬ ಐದು ಸಂಗತಿಗಳು ಪ್ರತಿ ಪ್ರಮಾಣಪತ್ರದಲ್ಲೂ ಇರಲಿ. ಮುಳುಗಿಸುವ ಮುನ್ನ, ಹಳೆಯ ಸಭೆ ಇದನ್ನು ಹೇಗೆ ನೋಡುತ್ತದೆ ಎಂಬುದನ್ನು ಆ ಯುವಕನಿಗೆ ತಿಳಿಸಲಿ. ಯಾರ ನಂಬಿಕೆಯನ್ನೂ ತಿದ್ದದೆ ಇಷ್ಟು ಮಾಡಬಹುದು. ಇದಕ್ಕೆ ಸರ್ಕಾರದ ಆದೇಶವೂ ಬೇಡ, ರೋಮಿನ ಅಪ್ಪಣೆಯೂ ಬೇಡ. ಜಿಲ್ಲೆಯ ಸಭಾಪಾಲಕರು, ಪಾದ್ರಿಗಳು ಒಂದು ದಿನ ಒಟ್ಟಿಗೆ ಕೂತರೆ ಆದೀತು.