ಅದೇನ್ ಮಾಡ್ತದಪ್ಪ ನಿನ್ ಪ್ರಾಜೆಕ್ಟು?

ಮೊನ್ನೆ ಭಾನುವಾರ ರಾತ್ರಿ ಚಿಕ್ಕಪ್ಪನ ಮಗಳ ಫೋನು. ಗುಂಡ್ಲುಪೇಟೆ ಹತ್ತಿರದ ನಮ್ಮೂರಿಂದ ತೆರಕಣಾಂಬಿ ಮೇಲೆ ದಿನಾ ಬಸ್ಸಲ್ಲಿ ಚಾಮರಾಜನಗರಕ್ಕೆ ಹೋಗಿ ಇಂಜಿನಿಯರಿಂಗ್ ಓದ್ತಿದ್ದಾಳೆ. ಈಗ ಕೊನೇ ವರ್ಷ. ಊಟ ಆಯ್ತಾ ಅಂತ ಕೇಳೋಕೂ ಬಿಡದೆ ವಿಷಯಕ್ಕೆ ಬಂದಳು.

"ಅಣ್ಣ, ಬೆಂಗ್ಳೂರಲ್ಲಿ ಪ್ರಾಜೆಕ್ಟು ರೆಡಿಮೇಡ್ ಸಿಕ್ತದಂತಲ್ಲ, ಎಷ್ಟಾಗ್ತದೆ ವಸಿ ವಿಚಾರ್ಸಿ ಹೇಳ್ತೀಯಾ?"

ಬೈಯೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಯಾಕಂದ್ರೆ ವಿಚಾರಿಸೋ ಅಗತ್ಯವೇ ಇರಲಿಲ್ಲ, ರೇಟು ನನಗೆ ಗೊತ್ತಿತ್ತು :(

2019ರಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಓದು ಮುಗಿಸಿದವನು ನಾನು. ನಾಲ್ಕು ಜನರ ಬ್ಯಾಚು, ಹದಿನೆಂಟು ಸಾವಿರ ರೂಪಾಯಿ, ಮುಖ ನೋಡಿ ಹಾಜರಾತಿ ಹಾಕೋ ಸಿಸ್ಟಮ್ಮು. ಕೋಡು, ರಿಪೋರ್ಟು, ಪಿಪಿಟಿ ಜೊತೆಗೆ ವೈವಾದಲ್ಲಿ ಕೇಳಬಹುದಾದ ಪ್ರಶ್ನೆ-ಉತ್ತರಗಳ ಹಾಳೆ ಫ್ರೀ! ನನ್ನ ಪಾಲಿನ ನಾಲ್ಕೂವರೆ ಸಾವಿರವನ್ನ ಅಪ್ಪ ಅರಿಶಿನ ಮಾರಿದ ದುಡ್ಡಲ್ಲಿ ಕೊಟ್ಟರು. "ಸಾಮಾನು ತಗೋಬೇಕು" ಅಂತ ಸುಳ್ಳು ಹೇಳಿದ್ದೆ. ಪ್ರಾಜೆಕ್ಟಿಗೆ ಫಸ್ಟ್ ಕ್ಲಾಸ್ ಮಾರ್ಕ್ಸೇ ಬಂತು.

ಊರಿಗೆ ಹೋದಾಗ ಅಪ್ಪ ಚಿನ್ನದ ಬಣ್ಣದ ಅಕ್ಷರ ಅಚ್ಚಾದ ಆ ದಪ್ಪ ರಿಪೋರ್ಟನ್ನ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಕೇಳಿದರು: "ಅದೇನ್ ಮಾಡ್ತದಪ್ಪ ನಿನ್ ಪ್ರಾಜೆಕ್ಟು?"

ಪರೀಕ್ಷೆ ಮಾಡೋಕೆ ಬಂದವರು ಕೇಳದ ಪ್ರಶ್ನೆ ಅದು. ಹಾಳೆಯಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಏನೋ ಒದರಿ ಎದ್ದು ಹೋದೆ. ಇವತ್ತಿಗೂ ಅಪ್ಪನಿಗೆ ನಿಜ ಹೇಳಿಲ್ಲ.

ಇರಲಿ, ನಮ್ಮ ಹುಡುಗಿ ಕಥೆಗೆ ಬರ್ತೀನಿ. "ಮೊದ್ಲು ನಿಂದೇನಿತ್ತು ಹೇಳು" ಅಂದೆ. ಅವಳು ಹೇಳ್ತಾ ಹೋದ ಹಾಗೆ ನಾನು ಕೂತಲ್ಲೇ ನೆಟ್ಟಗಾದೆ.

ನಮ್ಮ ಕಡೆ ಅರಿಶಿನ, ಸಣ್ಣ ಈರುಳ್ಳಿ ಬೆಳೆಯೋರ ಲೆಕ್ಕವೆಲ್ಲ ಗೋಡೆ ಕ್ಯಾಲೆಂಡರಿನ ಮೇಲೆ. ಆಳಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು ಅಂತ ಗೀಚಿಟ್ಟಿರ್ತಾರೆ. ವರ್ಷ ತಿರುಗಿದರೆ ಕ್ಯಾಲೆಂಡರೂ ಇಲ್ಲ, ಲೆಕ್ಕಾನೂ ಇಲ್ಲ. ಇವಳ ಬ್ಯಾಚಿನವರು ಮಾಡ್ತಿರೋದು ಫೋನಿಗೆ ಬಾಯಲ್ಲಿ ಹೇಳಿದರೆ ಖರ್ಚು ಬರೆದುಕೊಳ್ಳೋ ಆಪ್ಪು. ತಲೆನೋವು ಶುರುವಾಗಿದ್ದು ಇಲ್ಲೇ. ಅಜ್ಜಿ "ಅತ್ತು ಆಳು" ಅಂದರೆ ನಮಗೆ ಹತ್ತು ಅಂತ ಗೊತ್ತು. ಪುಸ್ತಕದ ಕನ್ನಡವನ್ನೇ ಹೆಚ್ಚು ಕೇಳಿ ಬೆಳೆದ ಮಾಡೆಲ್ಲಿಗೆ ಯಾರೋ ಅತ್ತರು ಅಂತ ಕೇಳುತ್ತೆ! ಹತ್ತಾಳಿನ ಕೂಲಿ ಲೆಕ್ಕದಿಂದ ಮಾಯ.

ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ನೋಡಿದ್ದಾಳೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮಾಡೆಲ್ಲೂ ನೋಡಿದ್ದಾಳೆ. ಎರಡೂ ಪುಕ್ಕಟೆ. ಆದರೆ ನಮ್ಮೂರ ಮಾತಿಗೆ ಸಾಲದು. ಅದಕ್ಕೇ ಬೀದಿಯ ಹದಿನೈದಿಪ್ಪತ್ತು ಹಿರಿಯರ ಮಾತು ರೆಕಾರ್ಡ್ ಮಾಡಿ, ಕೂತು ಅಕ್ಷರಕ್ಕಿಳಿಸಿ, ಮಾಡೆಲ್ಲಿಗೆ ಕಲಿಸ್ತಿದ್ದಾಳೆ. ಈಗ ಅಂಕಿಗಳನ್ನ ಅರ್ಧಕ್ಕರ್ಧ ಸರಿ ಹಿಡಿಯುತ್ತಂತೆ. "ಅರ್ಧ ತಪ್ಪೇ ಬತ್ತದೆ ಅಣ್ಣ, ಇದ್ನ ತೋರ್ಸುದ್ರೆ ನಗ್ತಾರೆ. ಬ್ಯಾಚ್‌ನೋರೆಲ್ಲ ಕೊಂಡ್ಕೊಂಬುಡೋಣ ಅಂತವ್ರೆ."

ನಂಜನಗೂಡು-ಚಾಮರಾಜನಗರ ಸೀಮೆಯ ಈ ಮಾತಲ್ಲೇ ದೇವನೂರ ಮಹಾದೇವ ಅವರು 1984ರಲ್ಲಿ ಕುಸುಮಬಾಲೆ ಬರೆದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿಗೆ ಅರ್ಥವಾದ ಭಾಷೆ ನಮ್ಮ ಜೇಬಿನ ಫೋನಿಗೆ ಇನ್ನೂ ಆಗಿಲ್ಲ. ಅದನ್ನ ಅರ್ಧದವರೆಗೆ ತಂದವಳಿಗೆ ನಾಚಿಕೆ, ಪೂರ್ತಿ ಕೊಂಡ ನನಗೆ ಫಸ್ಟ್ ಕ್ಲಾಸು. ಇದೆಂಥ ಲೆಕ್ಕ ನೋಡಿ!

ನನ್ನ ಅಭಿಪ್ರಾಯ ಇಷ್ಟೇ. ಕೊನೇ ವರ್ಷದ ಪ್ರಾಜೆಕ್ಟಿಗೆ ಮಾರ್ಕ್ಸು ಕೊಡುವಾಗ "ಇದನ್ನ ಯಾರು ಬಳಸಿ ನೋಡಿದರು?" ಅಂತ ಮೊದಲು ಕೇಳಬೇಕು. ಅಂಗಡಿ ಪ್ರಾಜೆಕ್ಟಿಗೆ ಈ ಪ್ರಶ್ನೆಯೇ ಮದ್ದು. ಕೋಡು ಕೊಳ್ಳಬಹುದು, ಈಗಂತೂ ಎಐ ಹತ್ರ ಪುಕ್ಕಟೆ ಬರೆಸಬಹುದು, ಆದರೆ ಬಳಸಿ ಬೈದ ಅಜ್ಜಿಯನ್ನ ಎಲ್ಲಿಂದ ತರ್ತೀರಿ? ಎರಡನೆಯದು, ರಿಪೋರ್ಟಲ್ಲಿ "ಏನು ಕೆಲಸ ಮಾಡಲಿಲ್ಲ, ಯಾಕೆ" ಅಂತ ಒಂದು ಅಧ್ಯಾಯ ಇರಬೇಕು, ಅದಕ್ಕೂ ಮಾರ್ಕ್ಸು ಬೇಕು. ಆಫೀಸಲ್ಲಿ ನಾವು ದಿನಾ ಮಾಡೋ ಕೆಲಸ ಅದೇ ತಾನೆ?

ಹುಡುಗರದ್ದೇ ಪೂರ್ತಿ ತಪ್ಪು ಅಂತಾನೂ ನಾನು ಹೇಳಲ್ಲ. ಒಬ್ಬೊಬ್ಬ ಗೈಡಿಗೆ ಹಲವು ಬ್ಯಾಚು, ಅದೇ ಸೆಮಿಸ್ಟರಲ್ಲಿ ಕೆಲಸದ ಹುಡುಕಾಟ, ದುಡ್ಡಿನ ತಾಪತ್ರಯ. ಆದರೆ ದಾರಿಗಳೂ ಇವೆ. ಐಐಎಸ್ಸಿ ಆವರಣದಲ್ಲಿರೋ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಸಹಾಯಧನ ಕೊಡೋ ಕಾರ್ಯಕ್ರಮವನ್ನ ಎಪ್ಪತ್ತರ ದಶಕದಿಂದ ನಡೆಸಿಕೊಂಡು ಬಂದಿದೆ. ನಾನು ಓದುವಾಗ ಅದರ ಬಗ್ಗೆ ತಿಳ್ಕೊಳ್ಳೋ ಗೋಜಿಗೂ ಹೋಗಲಿಲ್ಲ. ಇನ್ನೊಂದು ಮಾತು, ಚಾಮರಾಜನಗರಕ್ಕೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂದಿದ್ದು 2007ರಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಓದಿ ಸಂಜೆ ಹೊಲಕ್ಕೆ ವಾಪಸ್ಸು ಬರೋ ಮಕ್ಕಳಿಗೆ ಊರೇ ಲ್ಯಾಬು. ಹಾಸ್ಟೆಲಲ್ಲಿದ್ದ ನನಗೆ ಆ ಭಾಗ್ಯ ಇರಲಿಲ್ಲ.

ಅರಿಶಿನ ನೆಟ್ಟು ಕೀಳೋಕೆ ಎಂಟೊಂಬತ್ತು ತಿಂಗಳು ಬೇಕು. ಪ್ರಾಜೆಕ್ಟಿಗೂ ಹೆಚ್ಚೂಕಮ್ಮಿ ಅಷ್ಟೇ. ಸಂತೆಯಲ್ಲಿ ಅರಿಶಿನ ಕೊಂಡು ತಂದು ನಾನೇ ಬೆಳೆದೆ ಅಂತ ಯಾವ ರೈತನೂ ಹೇಳಲ್ಲ.

ಕೊನೆಗೆ ಅವಳಿಗೆ ನನ್ನ ಹದಿನೆಂಟು ಸಾವಿರದ ಕಥೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ದೊಡ್ಡಪ್ಪಂಗೆ ಗೊತ್ತಾ?" ಅಂದಳು. ಇಲ್ಲ ಅಂದೆ. "ಹಂಗಾದ್ರೆ ಇನ್ನು ವಾರಕ್ಕೆರಡು ಸಂಜೆ ನನ್ ಕೋಡ್ ನೋಡು, ನಾನು ಹೇಳಾಕಿಲ್ಲ" ಅಂದಳು ಕಳ್ಳಿ :) ಒಪ್ಪಿಕೊಂಡಿದೀನಿ. ಅಪ್ಪನಿಗೆ ಮಾತ್ರ ಮುಂದಿನ ಸಲ ಊರಿಗೆ ಹೋದಾಗ ನಾನೇ ಹೇಳ್ತೀನಿ.

ಸಾಫ್ಟ್‌ವೇರಲ್ಲಿರೋ ಗೆಳೆಯರೇ, ನಿಮ್ಮ ತಾಲ್ಲೂಕಲ್ಲೂ ಇಂಥ ಹುಡುಗಿಯೊಬ್ಬಳು ಇದ್ದೇ ಇರ್ತಾಳೆ. ವಾರಕ್ಕೊಂದು ಸಂಜೆ ಕೊಡೋಕೆ ಆಗುತ್ತಾ? ಅಂದಹಾಗೆ, ನಿಮ್ಮ ಪ್ರಾಜೆಕ್ಟು ಏನ್ ಮಾಡ್ತಿತ್ತು? ನಿಜ ಹೇಳಬೇಕು...