ಫಾರೆಸ್ಟರ್ ಎಂಬ ಹೆಸರಿನ ಬಂಡಿ

ಮಲೆನಾಡಿನ ಹಳ್ಳಿಗರಿಗೆ ‘ಫಾರೆಸ್ಟರ್’ ಎಂಬ ಪದ ಹೊಸದಲ್ಲ. ಕಾಡಿನಂಚಿನಿಂದ ದರಕಿನ ಹೊರೆ ಹೊತ್ತು ತರುವ ಹೆಂಗಸನ್ನು ತಡೆದು ನಿಲ್ಲಿಸುವವನು ಫಾರೆಸ್ಟರ್. ಕೊಟ್ಟಿಗೆಯ ಮಾಡಿಗೆಂದು ಕಡಿದ ನಾಲ್ಕು ಗಳುಗಳಿಗೆ ಲೆಕ್ಕ ಕೇಳುವವನು ಫಾರೆಸ್ಟರ್. ಆದರೆ ಇದೇ ಹೆಸರಿನ ಇನ್ನೊಂದು ವಸ್ತುವೂ ಈ ಲೋಕದಲ್ಲಿದೆ. ಜಪಾನಿನ ಸುಬಾರು ಕಾರ್ಖಾನೆಯಲ್ಲಿ ತಯಾರಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಒಂದು ವ್ಯಾಗನ್ನನ್ನು ಜನರಲ್ ಮೋಟಾರ್ಸ್ ಕಂಪನಿ 2003ರಲ್ಲಿ ‘ಷೆವರ್ಲೆ ಫಾರೆಸ್ಟರ್’ ಎಂದು ಕರೆದು ಭಾರತಕ್ಕೆ ತಂದಿತು. ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತಿತು. 2017ರ ಕೊನೆಗೆ ಕಂಪನಿಯೇ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಆದರೆ ಕಂಪನಿ ಬಾಗಿಲು ಹಾಕಿದ ಮಾತ್ರಕ್ಕೆ ಬಂಡಿಗಳು ಸಾಯುವುದಿಲ್ಲ. ಬೆಂಗಳೂರಿನಲ್ಲಿ ಅವು ಸುಲಭವಾಗಿ ಸಾಯುವುದೇ ಇಲ್ಲ.

ಒಬ್ಬ ಫಾರೆಸ್ಟರ್ ದರಕಿನ ಹೊರೆಯನ್ನು ತಡೆಯುತ್ತಾನೆ. ಇನ್ನೊಂದು ಫಾರೆಸ್ಟರ್ ಮತ್ತು ಅದರ ಜಾತಿಯ ಜಿಪ್ಸಿ, ಜೀಪುಗಳು ಹೊಸ ಬಲ ತುಂಬಿಸಿಕೊಂಡು ಹುಲ್ಲುಗಾವಲಿನ ನೆತ್ತಿಯ ಮೇಲೆ ಉಳುಮೆ ಮಾಡುತ್ತವೆ. ಮೊದಲನೆಯದಕ್ಕೆ ದಂಡ, ಎರಡನೆಯದಕ್ಕೆ ‘ಸಾಹಸ ಪ್ರವಾಸ’ವೆಂಬ ಬಿರುದು. ಈ ವಿಪರ್ಯಾಸದ ಬೇರು ಬೆಟ್ಟದಲ್ಲಿಲ್ಲ. ಅದನ್ನು ಹುಡುಕಲು ರಾಜಧಾನಿಯ ಹಳೆಯ ಬೀದಿಗಳಿಗೇ ಹೋಗಬೇಕು.

ಬಿಚ್ಚಿ ಕಟ್ಟುವ ಕೈಗಳು

ಬೆಂಗಳೂರಿನ ಪುರಭವನದ ಮುಂದಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯನ್ನು ಜನ ಜೆ.ಸಿ. ರಸ್ತೆ ಎನ್ನುತ್ತಾರೆ. ಚಾಮರಾಜಪೇಟೆ, ಬಸವನಗುಡಿಗಳಿಗೆ ಸಮೀಪವಿರುವ ಈ ರಸ್ತೆ ಮತ್ತು ಅದರ ಬೆನ್ನಿಗಿರುವ ಕಲಾಸಿಪಾಳ್ಯ ಮೋಟಾರು ಬಿಡಿಭಾಗಗಳ ದೊಡ್ಡ ಪೇಟೆ. ಒಂದು ಬೋಲ್ಟಿನಿಂದ ಇಡೀ ಎಂಜಿನ್ನಿನವರೆಗೆ ಇಲ್ಲಿ ಸಿಗದ ವಸ್ತು ಕಡಿಮೆ. ಗುಜರಿಗೆ ಬಿದ್ದ ಕಬ್ಬಿಣದಿಂದ ಜೀವಂತ ಯಂತ್ರವನ್ನು ಎಬ್ಬಿಸಬಲ್ಲ ಮೇಸ್ತ್ರಿಗಳು ಈ ಓಣಿಗಳಲ್ಲಿದ್ದಾರೆ. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಕಿವಿಗೊಟ್ಟು ಕೇಳಿಯೇ ಬೇರಿಂಗಿನ ಸವೆತವನ್ನು ಹೇಳಬಲ್ಲವರು ಅವರು. ಅವರ ವಿದ್ಯೆಯನ್ನು ಹೀಗಳೆಯುವುದು ಅನ್ಯಾಯ. ಪ್ರಶ್ನೆ ಇರುವುದು ಆ ವಿದ್ಯೆಯನ್ನು ಕೊಂಡುಕೊಳ್ಳುವವರ ಉದ್ದೇಶದ ಬಗ್ಗೆ.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತಾನಾಗಿ ಒಳನುಗ್ಗುತ್ತದೆ. ಸೂಪರ್‌ಚಾರ್ಜರ್ ಎಂಬುದು ಆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಇದು ಹಾಗೆ. ಅದರ ಮೂಲವೂ ಕುಲುಮೆಯೇ: ಅಮೆರಿಕದ ಇಂಡಿಯಾನಾದ ರೂಟ್ಸ್ ಸೋದರರು 1860ರಲ್ಲಿ ಹಕ್ಕುಸ್ವಾಮ್ಯ ಪಡೆದ ಗಾಳಿಯಂತ್ರ ಕಬ್ಬಿಣದ ಕುಲುಮೆಗಳಿಗೆ ಊದಲು ಬಳಕೆಯಾಗಿ, ಮುಂದೆ ಮೋಟಾರು ಸೇರಿತು. ಟರ್ಬೋಚಾರ್ಜರ್ ಹೊಗೆಯ ರಭಸದಿಂದ ತಿರುಗಿದರೆ, ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸಬೇಕು. ಅಂದರೆ ಹುಟ್ಟಿದ ಬಲದಲ್ಲಿ ಒಂದು ಪಾಲನ್ನು ಈ ತಿದಿಯೇ ನುಂಗುತ್ತದೆ.

ಹೀಗೆ ತಿದಿ ಕಟ್ಟುವಾಗ, ಒತ್ತಡವನ್ನು ಬಹಳ ಏರಿಸುವುದಿದ್ದರೆ, ಎಂಜಿನ್ನನ್ನು ಇಳಿಸಿ ಪೂರ್ತಿ ಬಿಚ್ಚುವುದುಂಟು. ಒತ್ತಿದ ಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮುನ್ನವೇ ಸಿಡಿದರೆ ಪಿಸ್ಟನ್ನಿನ ತಲೆ ಒಡೆಯುತ್ತದೆ. ಆದ್ದರಿಂದ ಗಟ್ಟಿಯಾದ ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳನ್ನು ಹಾಕಿ, ಸಂಪೀಡನದ ಪ್ರಮಾಣವನ್ನು ತಗ್ಗಿಸುತ್ತಾರೆ. ಒತ್ತಿ ಬಿಸಿಯಾದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್, ಹೆಚ್ಚು ಪೆಟ್ರೋಲು ಸುರಿಯಲು ದೊಡ್ಡ ಇಂಜೆಕ್ಟರು, ಇವೆಲ್ಲವನ್ನೂ ನಿಯಂತ್ರಿಸಲು ಮರುಬರೆದ ಕಂಪ್ಯೂಟರ್ ಲೆಕ್ಕ. ಹಲವರು ಇಷ್ಟಕ್ಕೂ ನಿಲ್ಲುವುದಿಲ್ಲ. ಹೊಗೆಯ ದಾರಿಗೆ ಅಡ್ಡಿಯೆಂದು ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತು, ಅಬ್ಬರಿಸುವ ಸೈಲೆನ್ಸರನ್ನು ಜೋಡಿಸುತ್ತಾರೆ.

ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಬಹುದು. ಎರಡು ಲೀಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದಾಗ, ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ, ಹೆಚ್ಚೆಂದರೆ 3000 ಲೀಟರ್ ಗಾಳಿಯನ್ನು ಸೇವಿಸುತ್ತದೆ. ಒತ್ತಡವನ್ನು ಅರ್ಧಪಟ್ಟು ಏರಿಸಿದರೆ ಅದು 4500 ಲೀಟರಿಗೆ ಸಮ. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಸಾಕು. ಅಂದರೆ ಈ ವೇಗದಲ್ಲಿ ಒಂದು ಬಂಡಿಯ ಉಸಿರು ಸುಮಾರು 600 ಜನರ ಉಸಿರು. ಪ್ರತಿ 14.7 ಕಿಲೋ ಗಾಳಿಗೆ ಒಂದು ಕಿಲೋ ಪೆಟ್ರೋಲು ಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಂಪೀಡನ ತಗ್ಗಿಸಿದ ಎಂಜಿನ್ ನಿಧಾನವಾಗಿ ಓಡುವಾಗಲೂ ಮೊದಲಿಗಿಂತ ಹೆಚ್ಚು ಇಂಧನ ಬೇಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ಬಲ ಎಲ್ಲಿ ಖರ್ಚಾಗುತ್ತದೆ?

ಇಷ್ಟು ಶ್ರಮದಿಂದ ಹುಟ್ಟಿಸಿದ ಬಲವನ್ನು ಗಾಂಧಿ ಬಜಾರಿನಲ್ಲಿ ಖರ್ಚು ಮಾಡಲಾಗದು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸಂಜೆ ಆರರ ಹೊತ್ತಿಗೆ ಎತ್ತಿನ ಗಾಡಿಗೂ ಸೂಪರ್‌ಚಾರ್ಜರ್ ಬಂಡಿಗೂ ವೇಗದಲ್ಲಿ ಹೆಚ್ಚಿನ ಅಂತರವಿರುವುದಿಲ್ಲ. ನಗರದಲ್ಲಿ ಕಟ್ಟಿದ ಬಲಕ್ಕೆ ನಗರದಲ್ಲಿ ಜಾಗವಿಲ್ಲ. ಆದ್ದರಿಂದಲೇ ಶುಕ್ರವಾರ ರಾತ್ರಿ ಅದು ಪಶ್ಚಿಮಕ್ಕೆ ಹೊರಡುತ್ತದೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳು ಅದಕ್ಕೆ ಆಟದ ಮೈದಾನ.

ಇದಕ್ಕೆ ಒಂದು ಶಾಸ್ತ್ರೀಯ ಸಮರ್ಥನೆಯೂ ಇದೆ: ‘ಬೆಟ್ಟದ ಮೇಲೆ ಗಾಳಿ ತೆಳು, ಎಂಜಿನ್ ಸೊರಗುತ್ತದೆ, ಗಾಳಿ ಒತ್ತಿ ತುಂಬುವುದು ಅಲ್ಲಿ ಅನಿವಾರ್ಯ.’ ಕೇಳುವುದಕ್ಕೆ ಸರಿಯೆನಿಸುವ ಈ ಮಾತು ಭೂಗೋಳದ ಮುಂದೆ ನಿಲ್ಲುವುದಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಆಗುಂಬೆ ಇರುವುದು ಸುಮಾರು 650 ಮೀಟರಿನಲ್ಲಿ. ತೀರ್ಥಹಳ್ಳಿ, ಶಿರಸಿಗಳು ಅದಕ್ಕಿಂತಲೂ ಕೆಳಗೆ. ಬಸವನಗುಡಿಯಿಂದ ಆಗುಂಬೆಗೆ ಬರುವ ಎಂಜಿನ್ ತೆಳುಗಾಳಿಯಿಂದ ದಟ್ಟಗಾಳಿಗೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯಲ್ಲಿ, 1930 ಮೀಟರಿನಲ್ಲಿ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲು ಕಡಿಮೆಯಿರುವುದು ನಿಜ. ಆದರೆ ದಿನವೂ ಘಾಟಿ ಹತ್ತುವ ಕೆಂಪು ಬಸ್ಸಿಗಾಗಲಿ, ಅಡಿಕೆ ಮೂಟೆ ಹೊತ್ತ ಪಿಕಪ್ಪಿಗಾಗಲಿ, ಎಸ್ಟೇಟಿನ ಹಳೆಯ ಜೀಪಿಗಾಗಲಿ ಇದರಿಂದ ಬಂದ ತೊಂದರೆಯೇನು? ಊರಿನವರು ಊರಿಗೆ ತಲುಪಲು ಈ ಬಲ ಬೇಕಾಗಿಲ್ಲ. ದಾರಿಯಿಲ್ಲದಲ್ಲಿ ದಾರಿ ಸೀಳಲು ಮಾತ್ರ ಅದು ಬೇಕು.

ಯಂತ್ರವನ್ನು ಮಾರ್ಪಡಿಸುವುದೇ ಪಾಪವೆಂದು ಯಾರೂ ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಓಡಿಸಿದರು. ಎಂಜಿನ್ನಿನ ಬಲ ಕುಗ್ಗಿತು, ಪ್ರಯಾಣ ತಡವಾಯಿತು, ಆದರೂ ಜನ ಊರು ಸೇರಿದರು. ಅಂದೂ ಇದ್ದಿಲಿಗಾಗಿ ಮರಗಳು ಬಿದ್ದವು. ಆ ನಷ್ಟವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಂದು ಯಂತ್ರ ಬದಲಾದದ್ದು ಕೊರತೆಯ ಕಾಲದಲ್ಲಿ ಎಲ್ಲರ ಅಗತ್ಯಕ್ಕಾಗಿ. ಇಂದು ಬದಲಾಗುತ್ತಿರುವುದು ಸಾಕಷ್ಟಿರುವವರ ವಾರಾಂತ್ಯದ ಗಮ್ಮತ್ತಿಗಾಗಿ.

ಚಕ್ರದ ಗುರುತು, ಮಳೆಯ ಕೊರಕಲು

ಪಶ್ಚಿಮ ಘಟ್ಟದ ನೆತ್ತಿಯಲ್ಲಿರುವ ಹುಲ್ಲುಗಾವಲು ಪಾಳುಬಿದ್ದ ಬಯಲಲ್ಲ. ತೆಳುವಾದ ಮಣ್ಣಿನ ಮೇಲೆ ಹುಲ್ಲಿನ ಬೇರು ಹೆಣೆದ ಚಾಪೆ ಅದು. ಮುಂಗಾರಿನ ನೀರನ್ನು ತಡೆದು, ಕಣಿವೆಯ ಶೋಲಾ ಕಾಡಿಗೆ ಬಿಟ್ಟು, ಬೇಸಿಗೆಯಲ್ಲಿ ಹಳ್ಳಗಳಿಗೆ ಹನಿಸುವ ವ್ಯವಸ್ಥೆ ಅಲ್ಲಿದೆ. ತುಂಗಾ, ಭದ್ರಾ, ನೇತ್ರಾವತಿಗಳ ಹುಟ್ಟು ಇಂಥ ಬೆಟ್ಟಗಳಲ್ಲೇ. ನಾಲ್ಕೂ ಚಕ್ರಗಳು ಒಮ್ಮೆಗೇ ಬಲ ಹಾಕಿ ತಿರುಗಿದಾಗ ಈ ಚಾಪೆ ಹರಿಯುತ್ತದೆ. ಕೆಳಗಿನ ಮಣ್ಣು ಅಮುಕಿ ಗಟ್ಟಿಯಾಗುತ್ತದೆ. ನೀರು ಇಂಗುವುದು ನಿಲ್ಲುತ್ತದೆ. ಮೊದಲ ವರ್ಷ ಅದು ಚಕ್ರದ ಗುರುತು, ಎರಡನೆಯ ವರ್ಷ ಕಾಲುವೆ, ನಾಲ್ಕನೆಯ ವರ್ಷ ಕೊರಕಲು. ಕೊಚ್ಚಿಹೋದ ಮಣ್ಣು ಕೆಳಗಿನ ಗದ್ದೆಯ ಮೇಲೆ, ಕುಡಿಯುವ ನೀರಿನ ಅಬ್ಬಿಯ ಬಾಯಲ್ಲಿ ಬಂದು ಕೂರುತ್ತದೆ. ಟಯರಿನ ಕೆಸರಿಗೆ ಅಂಟಿ ಬಂದ ಯುಪಟೋರಿಯಂ, ಕಾಂಗ್ರೆಸ್ ಹುಲ್ಲಿನ ಬೀಜಗಳು ದನ ಮೇಯುವ ಹುಲ್ಲಿನ ಜಾಗವನ್ನು ಹಿಡಿಯುತ್ತವೆ. ಇದನ್ನು ಸರಿಪಡಿಸುವ ಮೇಸ್ತ್ರಿ ಯಾವ ರಸ್ತೆಯಲ್ಲೂ ಸಿಗುವುದಿಲ್ಲ. ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು; ಹುಲ್ಲುಗಾವಲಿಗೆ ಬಿಡಿಭಾಗಗಳಿಲ್ಲ.

ಗಾಳಿಗಾಗಿ ಕಟ್ಟಿದ ಬಡಾವಣೆಗಳು

ಈ ಬಂಡಿಗಳು ಹೊರಡುವ ಊರಿನ ಚರಿತ್ರೆಯನ್ನೂ ಒಮ್ಮೆ ನೆನೆಯಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತಂದು, ಶುದ್ಧ ಗಾಳಿ ಬೆಳಕಿಗೆಂದೇ ಯೋಜಿಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಗಾಳಿಯ ಬೆಲೆಯನ್ನು ಸಾವಿನ ಮೂಲಕ ಕಲಿತ ಊರು ಅದು. ಅದೇ ಊರಿನಲ್ಲಿ ಇಂದು ಕನ್ವರ್ಟರ್ ಕಿತ್ತ ಬಂಡಿಯ ಹೊಗೆ, ಹಿರಿಯರು ನಸುಕಿನಲ್ಲಿ ನಡೆಯುವ ಕಹಳೆ ಬಂಡೆಯ ಉದ್ಯಾನದ ಸುತ್ತ ಹರಡಿದರೆ ಪ್ರಶ್ನಿಸುವವರಿಲ್ಲ.

ನೀರಿನ ಕಥೆಯೂ ಬೇರೆಯಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತದೆಂಬುದು ಜನರ ನಂಬಿಕೆ. ಇಂದು ಅದು ನಗರದ ಕೊಳಚೆ ಹೊತ್ತು ಅರ್ಕಾವತಿಯನ್ನು, ಅದರ ಮೂಲಕ ಕಾವೇರಿಯನ್ನು ಸೇರುತ್ತದೆ. ಶೆಡ್ಡಿನ ಚರಂಡಿಗೆ ಸುರಿದ ಹಳೆ ಎಂಜಿನ್ ಆಯಿಲಿಗೂ ದಾರಿ ಅದೇ. ಕೊಡಗಿನ ಬೆಟ್ಟದಿಂದ ಇಳಿದ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ 1974ರಿಂದ ಬೆಂಗಳೂರು ಕುಡಿಯುತ್ತಿದೆ. ಹಾಗಿರುವಾಗ ನೀರು ಕೊಟ್ಟ ಬೆಟ್ಟಕ್ಕೆ ಆ ಊರು ಮರಳಿ ಕಳಿಸುವುದೇನು? ಚಕ್ರದ ಗುರುತೇ?

ಕಾನೂನು ಇದೆ, ಕಣ್ಣಿಲ್ಲ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಹೋಗುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ಕಾನೂನಿನ ಕೊರತೆ ಇಲ್ಲಿಲ್ಲ. ದರಕಿನ ಹೊರೆ ಕಾಣುವ ಕಣ್ಣಿಗೆ ಎರಡು ಟನ್ ತೂಕದ ಬಂಡಿ ಕಾಣದಿರುವುದೇ ಕೊರತೆ. ಮುಳ್ಳಯ್ಯನಗಿರಿಗೆ ಬರುವ ವಾಹನಗಳಿಗೆ 2025ರಲ್ಲಿ ಮುಂಗಡ ನೋಂದಣಿ ಮತ್ತು ದಿನದ ಮಿತಿ ಬಂದದ್ದು ಸ್ವಾಗತಾರ್ಹ. ಆದರೆ ಎಣಿಕೆ ನಡೆಯುವುದು ಡಾಂಬರು ರಸ್ತೆಯ ಮೇಲೆ, ಹಾನಿಯಾಗುವುದು ಅದರಾಚೆ.

ಮಲೆನಾಡಿನ ಪಾಲು

ಎಲ್ಲ ತಪ್ಪನ್ನೂ ಬೆಂಗಳೂರಿನ ತಲೆಗೆ ಕಟ್ಟುವುದು ಸುಲಭ. ಆದರೆ ಅದು ಅರ್ಧಸತ್ಯ. ಹುಲ್ಲುಗಾವಲಿನ ದಾರಿ ತೋರಿಸುವವರು ಊರಿನವರೇ. ‘ಆಫ್‌ರೋಡ್ ವ್ಯವಸ್ಥೆ ಇದೆ’ ಎಂದು ಫಲಕ ಹಾಕುವ ಹೋಮ್‌ಸ್ಟೇಗಳೂ ಊರಿನವೇ. ಕೊಡಚಾದ್ರಿಯಂಥ ಕಡೆ ಜೀಪು ಓಡಿಸಿ ಬದುಕುವ ಕುಟುಂಬಗಳಿವೆ. ಅವರ ಅನ್ನವನ್ನು ಕಸಿಯಬೇಕೆಂದು ಯಾರೂ ಕೇಳಬಾರದು. ಗೊತ್ತಾದ ಒಂದೇ ದಾರಿಯಲ್ಲಿ, ಊರವರ ಲೆಕ್ಕದೊಳಗೆ ಓಡುವ ಜೀಪು ಬೇರೆ. ಬಲಪರೀಕ್ಷೆಗೆಂದು ಹೊಸ ಏರು ಹುಡುಕುವ ಬಂಡಿ ಬೇರೆ. ಮೊದಲನೆಯದಕ್ಕೆ ನಿಯಮ ಸಾಕು, ಎರಡನೆಯದಕ್ಕೆ ಬಾಗಿಲು ಮುಚ್ಚಬೇಕು.

ಆ ಅಧಿಕಾರ ಹಳ್ಳಿಗಳ ಕೈಯಲ್ಲಿದೆ. ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಯುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗಳಿಗೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಳೆಗಾಲಕ್ಕೆ ಮುಂಚೆ ಗ್ರಾಮಸಭೆ ಸೇರಿ, ಹುಲ್ಲುಗಾವಲಿಗೆ ಹತ್ತುವ ಪ್ರತಿ ಜಾಡನ್ನೂ ಗುರುತಿಸಿ, ತಡೆಗಂಬ ನೆಡಿಸುವ ನಿರ್ಣಯ ಮಾಡಲಿ. ಮಾರ್ಪಡಿಸಿದ ಬಂಡಿಗಳನ್ನು ಘಾಟಿಯ ಬುಡದಲ್ಲೇ ತಪಾಸಣೆ ಮಾಡುವಂತೆ ಸಾರಿಗೆ ಇಲಾಖೆಗೆ ಬರೆಯಲಿ. ಆಫ್‌ರೋಡ್ ಫಲಕಗಳನ್ನು ಊರವರೇ ಇಳಿಸಲಿ. ಬೆಂಗಳೂರಿನ ಕಾಲೇಜುಗಳಲ್ಲಿ ಓದುವ ಮಲೆನಾಡಿನ ಮಕ್ಕಳು ತಮ್ಮ ಗೆಳೆಯರಿಗೆ ಈ ಲೆಕ್ಕವನ್ನು ಹೇಳಲಿ.

ಜೆ.ಸಿ. ರಸ್ತೆಯ ಕೈಗಳಿಗೂ ಬೆಟ್ಟದಲ್ಲಿ ಕೆಲಸವಿದೆ. ಹಳ್ಳದ ನೀರಿನಿಂದ ವಿದ್ಯುತ್ ತೆಗೆಯುವ ಪುಟ್ಟ ಯಂತ್ರಗಳು ಮಲೆನಾಡಿನ ಮನೆಗಳಲ್ಲಿ ಕೆಟ್ಟು ಕೂತಿವೆ. ಟಿಲ್ಲರು, ಪಂಪು, ಅಡಿಕೆ ಸುಲಿಯುವ ಯಂತ್ರಗಳಿಗೆ ಒಳ್ಳೆಯ ಮೇಸ್ತ್ರಿ ಸಿಗುವುದಿಲ್ಲ. ಗುಜರಿಯಿಂದ ಜೀವ ತೆಗೆಯಬಲ್ಲ ವಿದ್ಯೆಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೇನಿದೆ?

1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಎದುರಿಗಿದ್ದದ್ದು ಕೊಡಲಿ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗ ಎದುರಿಗಿದ್ದದ್ದು ದೈತ್ಯ ಯಂತ್ರ. ಇಂದಿನ ಹಾನಿ ಚಿಕ್ಕ ಚಿಕ್ಕ ಬಂಡಿಗಳಲ್ಲಿ, ನಗುಮುಖದ ಅತಿಥಿಗಳ ರೂಪದಲ್ಲಿ ಬರುತ್ತಿದೆ. ಅದಕ್ಕೇ ಅದನ್ನು ತಡೆಯಲು ಸಂಕೋಚ. ಆದರೆ ಮುಂದಿನ ಮುಂಗಾರಿಗೆ ಈ ಸಂಕೋಚ ತಿಳಿಯದು. ಚಕ್ರ ಬಿಟ್ಟುಹೋದ ಗುರುತನ್ನೇ ಹಿಡಿದು ಅದು ಇಳಿಯುತ್ತದೆ. ಗುರುತು ಮೂಡುವ ಮುನ್ನ ಜಾಡಿನ ಬಾಯಲ್ಲಿ ಒಂದು ತಡೆಗಂಬ ಏಳಲಿ. ದರಕಿನ ಹೊರೆ ಹೊತ್ತವಳು ಅದರ ಪಕ್ಕದಿಂದ ನಡೆದುಹೋಗುವಷ್ಟು ಜಾಗವಿದ್ದರೆ ಸಾಕು.